ತಟ್ಟೆ ಕವುಚಿ ಬರೆದ ಚಂದಿರ

ಹೋಸಿಯತ್‌ಗೆ ಬೆಳಗಾಯಿತೆಂದರೆ ಬೇಜಾರು. ಅವಳು ಮುಖ ತೊಳೆಯಲು ಹೊರಗೆ ಬರುವ ಹೊತ್ತಿಗೆ ಯಾರಾದರೂ ಒಬ್ಬಳು ಬಟ್ಟೆಯ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಳದ ಹಿಪ್ಪುನೇರಳೆ ಮರದ ಕೆಳಗೆ ಕಾದಿರುತ್ತಿದ್ದಳು. ಕೈಯಲ್ಲಿ ಎರಡು ರೊಟ್ಟಿ, ಒಂದು ಪೊಟ್ಟಣ ಹಸಿರು ಚಹಾ. ಬಾಯಲ್ಲಿ ಎಲ್ಲರದ್ದೂ ಅದೇ ಮಾತು.

"ಆಪಾ, ಮಗಳಿಗೆ ಗಂಡು ಗೊತ್ತಾಯ್ತು. ಒಂದು ಸೂಜನಿ ಬರ್ಕೊಡಿ. ನಿಮಗೇನು, ಕೈ ಆಡಿಸಿದ್ರೆ ಆಯ್ತು."

ಕೈ ಆಡಿಸಿದರೆ ಆಯ್ತಂತೆ! ಮೂವತ್ತೈದು ವರ್ಷಗಳಿಂದ ಈ ಮಾತು ಕೇಳಿ ಕೇಳಿ ಅವಳಿಗೆ ಸಾಕಾಗಿಹೋಗಿತ್ತು. ಕೈ ಆಡುವ ಮೊದಲು ಮಂಡಿ ಊರಬೇಕು, ಬೆನ್ನು ಬಾಗಬೇಕು, ಉಸಿರು ಹಿಡಿಯಬೇಕು ಅಂತ ಯಾರಾದರೂ ಯೋಚಿಸಿದ್ದುಂಟೇ? ಆದರೂ ಇಲ್ಲ ಅನ್ನುವ ನಾಲಗೆ ಅವಳಿಗೆ ಬಂದಿರಲಿಲ್ಲ. "ಇಟ್ಟು ಹೋಗಮ್ಮ" ಅನ್ನುವಳು. ಬಟ್ಟೆಯ ರಾಶಿಯ ಮೇಲೆ ಇನ್ನೊಂದು ಬಟ್ಟೆ ಬೀಳುತ್ತಿತ್ತು.

ನೂರಾತಾ ಊರಿನಲ್ಲಿ ಹೆಣ್ಣುಮಗಳು ಸೂಜನಿ ಇಲ್ಲದೆ ಗಂಡನ ಮನೆಗೆ ಹೋಗುವಂತಿಲ್ಲ. ಗೋಡೆ ತುಂಬ ಹರಡುವ ಬಿಳಿ ಹತ್ತಿಬಟ್ಟೆ, ಮೇಲೆ ರೇಷ್ಮೆಯ ಕಸೂತಿ. ಮೂಲೆಗೊಂದರಂತೆ ನಾಲ್ಕು ಹೂಕೊಂಬೆ, ನಟ್ಟನಡುವೆ ದುಂಡಗೆ, ಒಳಗೆ ದಳಗಳಿರುವ ಒಬ್ಬ ಚಂದಿರ. ಮದುವೆಗೆ ಬಂದ ಹೆಂಗಸರು ಮದುಮಗಳ ಮುಖ ನೋಡುವ ಮೊದಲು ಗೋಡೆ ನೋಡುತ್ತಾರೆ. ಕಸೂತಿ ಹಾಕಲು ಊರಿನ ಹೆಣ್ಣುಮಕ್ಕಳಿಗೆಲ್ಲ ಬರುತ್ತದೆ. ಆದರೆ ಯಾವ ಕೊಂಬೆ ಎಲ್ಲಿಂದ ಎದ್ದು ಎಲ್ಲಿ ಬಾಗಬೇಕು, ಎಲ್ಲಿ ಹೂವು, ಎಲ್ಲಿ ಬರೀ ಬಿಳುಪು ಅಂತ ಮಸಿಯಲ್ಲಿ ಗೆರೆ ಎಳೆದು ಕೊಡುವವಳು ಕೇರಿಗೆ ಒಬ್ಬಳೇ. ಅವಳನ್ನು ಕಲಂಕಷ್ ಅನ್ನುತ್ತಾರೆ. ಅವಳ ಗೆರೆಯ ಮೇಲೆ ರೇಷ್ಮೆ ಕೂತು ಗೆರೆ ಮುಚ್ಚಿಹೋಗುತ್ತದೆ. ಅಲ್ಲೊಂದು ಇಲ್ಲೊಂದು ಉಳಿದಿದ್ದರೆ ಕೊನೆಗೆ ಒಗೆದಾಗ ನೀರಿಗೆ ಹೋಗುತ್ತದೆ. ಮೂವತ್ತೈದು ವರ್ಷ ಬರೆದ ಹೋಸಿಯತ್‌ಳ ಒಂದು ಗೆರೆಯೂ ಇವತ್ತು ಊರಿನಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಅವಳ ಹೊಟ್ಟೆಪಾಡಿನ ಕೆಲಸ ಬೇರೆಯೇ ಇತ್ತು. ಶಿಶುವಿಹಾರದ ಅಡುಗೆಮನೆಯಲ್ಲಿ ಅರವತ್ತು ಮಕ್ಕಳ ಗಂಜಿ ಕಾಯಿಸಿ, ಆ ಪಾತ್ರೆಗಳನ್ನು ತಿಕ್ಕಬೇಕಿತ್ತು. ಶರತ್ಕಾಲದಲ್ಲಿ ಊರಿಗೆ ಊರೇ ಹತ್ತಿ ಬಿಡಿಸಲು ಹೋಗುವಾಗ ಅವಳೂ ಹೋಗಬೇಕಿತ್ತು. ಇವೆಲ್ಲ ಮುಗಿದು ಉಳಿದ ಹೊತ್ತಿನಲ್ಲಿ ಬಟ್ಟೆಯ ಮೇಲೆ ಮಂಡಿಯೂರುತ್ತಿದ್ದಳು.

ಲೇಖನಿ ಅವಳು ಬೇಡಿ ಪಡೆದದ್ದಲ್ಲ. ಅವಳ ತಾಯಿ ಕಲಂಕಷ್. ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಸಲೋಮತ್, ಚಿಕ್ಕವಳು ಇವಳು. ತಾಯಿ ಬಟ್ಟೆ ಹಾಸಿ ಇಬ್ಬರನ್ನೂ ಆಚೆಈಚೆ ಕೂರಿಸಿಕೊಳ್ಳುತ್ತಿದ್ದಳು.

"ಹೂವು ಬರೆಯೋದು ಯಾರಿಗಾದ್ರೂ ಬರುತ್ತೆ. ಮೊದಲು ಬಿಳುಪು ನೋಡ್ರೇ. ಎಲ್ಲಿ ಏನೂ ಬರೀಬಾರ್ದು ಅಂತ ತೀರ್ಮಾನ ಮಾಡಿದ್ರೆ ಅರ್ಧ ಕೆಲಸ ಮುಗೀತು."

ಇನ್ನೊಂದು ದಿನ ಹೇಳುವಳು: "ಒಳಗೆ ಬಂದವಳ ಕಣ್ಣು ಮೊದಲು ಎಲ್ಲಿ ಕೂತ್ಕೋಬೇಕು? ಅಲ್ಲಿ ಚಂದಿರನ್ನ ಇಡಿ. ಎರಡೆರಡು ಕಡೆ ಕರೆದ್ರೆ ಪಾಪ ಅದು ಎಲ್ಲೂ ಕೂರಲ್ಲ. ಎಡಗಡೆ ಕೊಂಬೆ, ಬಲಗಡೆ ಕೊಂಬೆ ತೂಕದಲ್ಲಿ ಒಂದೇ ಇರ್ಲಿ, ಮುಖದಲ್ಲಿ ಒಂದೇ ಇರೋದು ಬೇಡ. ಅಕ್ಕತಂಗೀರ ಥರ ಇರ್ಬೇಕು."

ಸಲೋಮತ್‌ಗೆ ಹದಿನಾಲ್ಕು ವರ್ಷವಾದಾಗ ತಾಯಿ ಲೇಖನಿ ಕೊಟ್ಟು ಚಂದಿರನನ್ನು ಬರೆಯಲು ಹೇಳಿದಳು. ಅವಳು ಅಳತೆ ಗಿಳತೆ ಏನೂ ನೋಡದೆ, ಭುಜದಿಂದ ಕೈ ಬೀಸಿ, ಒಂದೇ ಉಸಿರಿಗೆ ದುಂಡಗೆ ಎಳೆದಳು. ಆ ಮಧ್ಯಾಹ್ನ ತಾಯಿ ಅಪ್ಪನಿಗಿಂತ ಮೊದಲು ಸಲೋಮತ್‌ಳ ಬಟ್ಟಲಿಗೆ ಚಹಾ ಬಗ್ಗಿಸಿದಳು. ಹೋಸಿಯತ್ ತನ್ನ ಸರದಿ ಬಂದಾಗ ಕೈಯನ್ನು ನಂಬದೆ, ಪಕ್ಕದಲ್ಲಿದ್ದ ಮಣ್ಣಿನ ತಟ್ಟೆಯನ್ನು ಕವುಚಿ ಅದರ ಅಂಚಿನ ಗುಂಟ ಗೆರೆ ಎಳೆದಳು.

"ತಟ್ಟೆ ಕವುಚಿ ಬರೆದ್ರೆ ತಟ್ಟೇನೇ ಬರುತ್ತೆ ಕಣೇ, ಚಂದಿರ ಬರಲ್ಲ" ಅಂದು ತಾಯಿ ನಕ್ಕಿದ್ದಳು.

ಆದರೆ ಸಲೋಮತ್‌ಳನ್ನು ಗಜ್‌ಗಾನ್‌ಗೆ, ಅಮೃತಶಿಲೆ ಕಡಿಯುವವರ ಮನೆಗೆ ಕೊಟ್ಟರು. ಲೇಖನಿ ಕೇರಿ ಬಿಟ್ಟು ಹೋಗಬಾರದು ಅನ್ನುವುದು ಪದ್ಧತಿ. ಮದುವೆಯಾಗಿ ಅದೇ ಕೇರಿಯಲ್ಲಿ ಉಳಿದವಳು ಹೋಸಿಯತ್. ತಾಯಿ ತೀರಿಕೊಂಡಾಗ ಲೇಖನಿ ಅವಳ ಕೈಗೆ ಬಂತು. ಅಕ್ಕ ಕಲಿತದ್ದು ಅಕ್ಕನ ಕೈಯಲ್ಲೇ ಉಳಿಯಿತು. ಹೋಸಿಯತ್‌ಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಬರೆದಳು, ಬೇರೆ ಯಾರಿದ್ದರು? ಅವಳ ದಣಿವಿನಲ್ಲಿ ಅರ್ಧ ಮೈಯದು, ಇನ್ನರ್ಧ ಇದು.

ಹನ್ನೊಂದು ವರ್ಷಗಳ ಹಿಂದೆ ಅಕ್ಕ ತನ್ನ ಮಗಳು ಸರ್ವಿನಾಜ್‌ಳ ಮದುವೆಗೆ ಬಟ್ಟೆ ಹಿಡಿದು ಬಂದಳು. ತಾನೇ ಬರೆದುಕೊಳ್ಳಬಹುದಿತ್ತು, ತಂಗಿಗಿಂತ ಚೆನ್ನಾಗಿ ಬರೆಯುತ್ತಿದ್ದಳು. ಆದರೂ ಲೇಖನಿ ಇದ್ದವಳ ಹತ್ತಿರ ಬಂದು, ಎಲ್ಲರ ಹಾಗೆ ಎರಡು ರೊಟ್ಟಿ ಇಟ್ಟು, ಎಲ್ಲರ ಹಾಗೆ ಕೇಳಿದಳು. ಆ ವರ್ಷ ಹೋಸಿಯತ್‌ಳ ಮೂಲೆಯಲ್ಲಿ ಹನ್ನೊಂದು ಬಟ್ಟೆಗಳಿದ್ದವು, ಗಂಡ ನುರ್ಮತ್ ಕಾಲು ಮುರಿದುಕೊಂಡು ಮಲಗಿದ್ದ. ಅದೇ ವಾರ ಅವಳು ರೊಟ್ಟಿ ಬೇಯಿಸುವ ಹಕೀಂನ ಮಗಳಿಗೂ ಬರೆದಿದ್ದಳು. ಬರೆಯುವಾಗ ಆಡು ಒಳಗೆ ನುಗ್ಗಿ ಅವಳ ಮೊಣಕೈಗೆ ತಗುಲಿತ್ತು. ಲೇಖನಿ ಜಾರಿ ಒಂದು ಎಲೆ ಸೊಟ್ಟಗಾಯಿತು. ಅಳಿಸುವಂತಿಲ್ಲವಲ್ಲ, ಅದನ್ನೇ ಹಿಂದಕ್ಕೆ ಮಡಚಿದ ಎಲೆಯನ್ನಾಗಿ ತಿದ್ದಿದ್ದಳು.

ಒಬ್ಬಳಿಗೆ ಬರೆದದ್ದನ್ನು ಇನ್ನೊಬ್ಬಳಿಗೆ ಬರೆಯಬಾರದು. ಎಲ್ಲರಿಗೂ ನಾಲ್ಕು ಕೊಂಬೆ, ಒಬ್ಬ ಚಂದಿರ ಇದ್ದರೂ, ಏನಾದರೊಂದು ಆ ಹುಡುಗಿಯದೇ ಆಗಿರಬೇಕು. ಇದು ಕಲಂಕಷ್‌ಳ ಮೊದಲ ನೇಮ. ಆದರೆ ಸರ್ವಿನಾಜ್‌ಳ ಮದುವೆಯಲ್ಲಿ ಗೋಡೆಗೆ ಸೂಜನಿ ಏರಿದಾಗ ಹೆಂಗಸರೊಳಗೆ ಗುಸುಗುಸು ಎದ್ದಿತು. ಹಕೀಂನ ಮಗಳನ್ನೂ ಗಜ್‌ಗಾನ್‌ಗೇ, ಅದೇ ಬೀದಿಗೇ ಕೊಟ್ಟಿದ್ದರು. "ಇದನ್ನ ಮೊನ್ನೆ ತಾನೇ ನೋಡಿದ್ವಲ್ಲ? ಅಗೋ, ಮಡಚಿದ ಎಲೆ ಕೂಡ ಇದೆ" ಅಂದಳು ಯಾವಳೋ. ಸಲೋಮತ್ ತಂಗಿಯನ್ನು ಅಡುಗೆಮನೆಗೆ ಕರೆದು ಕೇಳಿದಳು. ನಿಂತಲ್ಲೇ ತೂಕಡಿಸುವಷ್ಟು ದಣಿದಿದ್ದ ಹೋಸಿಯತ್ ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು: "ಎಲ್ಲಾ ಸೂಜನೀನೂ ಅಷ್ಟೇ ಅಲ್ವಾ ಆಪಾ, ನಾಲ್ಕು ಕೊಂಬೆ, ಒಂದು ಚಂದಿರ."

ಅಂದಿನಿಂದ ಅಕ್ಕ ಈ ಮನೆಯ ಹೊಸಿಲು ತುಳಿಯಲಿಲ್ಲ. ಹಬ್ಬಕ್ಕೂ ಬರಲಿಲ್ಲ, ಹೇಳಿಕಳಿಸಲೂ ಇಲ್ಲ.

ಈಗ ಹೋಸಿಯತ್‌ಳ ಮಗಳು ಅಂಜಿರತ್‌ಗೆ ಗಂಡು ಗೊತ್ತಾಯಿತು. ಹತ್ತಿಯ ಕೆಲಸ ಮುಗಿದ ಮೇಲೆ, ನವೆಂಬರಿನಲ್ಲಿ ಮದುವೆ. ಊರಿಗೆಲ್ಲ ಬರೆದವಳ ಮಗಳ ಸೂಜನಿ ಹೇಗಿರಬಹುದು ಅಂತ ಕೇರಿಯೇ ಕಾಯುತ್ತಿತ್ತು. ಹೋಸಿಯತ್‌ಗೂ ಆಸೆಯಿತ್ತು. ಪುರುಸೊತ್ತಾಗಿ ಕೂತು, ಒಂದು ವಾರ ಬರೀ ಬಿಳುಪನ್ನು ನೋಡಿ, ಆಮೇಲೆ ಬರೆಯಬೇಕು ಅಂದುಕೊಂಡಿದ್ದಳು. ಆ ವಾರ ಬರಲೇ ಇಲ್ಲ. ಏಪ್ರಿಲಿನ ಒಂದು ಬೆಳಿಗ್ಗೆ, ಶಿಶುವಿಹಾರಕ್ಕೆ ಹೋಗುವ ಮೊದಲು, ನಾಲ್ಕು ಉದ್ದನೆಯ ಪಟ್ಟಿಗಳನ್ನು ಸಡಿಲವಾಗಿ ಜೋಡಿಸಿ ಹೊಲಿದ ಬಟ್ಟೆಯನ್ನು ಹಾಸಿದಳು. ನಾಲ್ಕಾಗಿ ಮಡಚಿ ಉಗುರಿನಲ್ಲಿ ಗೀರು ಮಾಡಿದಳು, ನಡುವೆ ತಟ್ಟೆ ಕವುಚಿದಳು. ಕೈ ತಾನಾಗಿ ಹೋಯಿತು. ಬಿಸಿಲು ಅಂಗಳಕ್ಕೆ ಇಳಿಯುವಷ್ಟರಲ್ಲಿ ಮುಗಿದೇಹೋಯಿತು. ಸದ್ಯ, ಇದಾದರೂ ಸಲೀಸಾಗಿ ಬಂತಲ್ಲ ಅಂತ ಅವಳಿಗೆ ಸಮಾಧಾನವಾಯಿತು.

ಬರೆದಾದ ಮೇಲೆ ಹೊಲಿಗೆ ಬಿಚ್ಚಿ ಪಟ್ಟಿಗಳನ್ನು ಹಂಚುತ್ತಾರೆ. ಒಂದೊಂದು ಪಟ್ಟಿ ಒಂದೊಂದು ಮನೆಯಲ್ಲಿ ಕಸೂತಿಯಾಗಿ ಬಂದು, ಕೊನೆಗೆ ಮತ್ತೆ ಒಂದಾಗುತ್ತದೆ. ಮೊದಲನೆಯದು ನೆರೆಮನೆಗೆ ಹೋಯಿತು, ನಾಲ್ಕನೆಯದು ನಾದಿನಿ ಬಿಬಿಸೋರಾಗೆ. ಎರಡನೆಯದನ್ನು ತಾಯಿ ಮಗಳು ಇಟ್ಟುಕೊಂಡರು. ಮೂರನೆಯದು, ಚಂದಿರನ ಬಲಗಡೆಯ ಅರ್ಧ ಇರುವುದು, ಪದ್ಧತಿಯಂತೆ ಖಾಲಾಳದು, ಅಂದರೆ ತಾಯಿಯ ಅಕ್ಕನದು. ಖಾಲಾ ಬದುಕಿರುವಾಗ ಅದನ್ನು ಬೇರೆಯವರು ಮುಟ್ಟಿದರೆ ಹುಡುಗಿಗೆ ತಾಯಿಯ ಕಡೆಯವರೇ ಇಲ್ಲ ಅಂತ ಜನ ಆಡಿಕೊಳ್ಳುತ್ತಾರೆ. ನುರ್ಮತ್ ದಿನವೂ ಗಜ್‌ಗಾನ್‌ನಿಂದ ಕಲ್ಲು ಹೇರುವ ಲಾರಿ ಓಡಿಸುತ್ತಿದ್ದ. ಅವನ ಕೈಯಲ್ಲಿ ಪಟ್ಟಿ ಕಳಿಸಿದಳು.

"ಏನಂದ್ಲು?" ಅಂತ ಸಂಜೆ ಕೇಳಿದಳು.

"ಏನೂ ಅನ್ನಲಿಲ್ಲ. ಬಿಚ್ಚಿ ನೋಡಿದ್ಲು. ಎಷ್ಟೋ ಹೊತ್ತು ನೋಡಿದ್ಲು. ಆಮೇಲೆ ನನಗೆ ಊಟ ಹಾಕಿದ್ಲು."

"ಊಟ ಹಾಕಿದ್ಲಾ?"

"ಹೂಂ. ನಿನ್ನ ಪಲಾವ್‌ಗಿಂತ ಚೆನ್ನಾಗಿತ್ತು" ಅಂದು ನುರ್ಮತ್ ಕೈ ತೊಳೆಯಲು ಎದ್ದ.

ಬೇಸಿಗೆ ಕಳೆಯಿತು. ಉಳಿದ ಮೂರು ಪಟ್ಟಿಗಳು ಒಂದೊಂದಾಗಿ ಮುಗಿದವು. ಗಜ್‌ಗಾನ್‌ನಿಂದ ಸುದ್ದಿಯಿಲ್ಲ. ಹತ್ತಿ ಬಿಡಿಸುವಾಗಲೂ ಹೋಸಿಯತ್‌ಗೆ ಅದೇ ಚಿಂತೆ. ಪಟ್ಟಿ ಬರುತ್ತದೋ ಇಲ್ಲವೋ? ಬಾರದಿದ್ದರೆ ಮಗಳು ಅರ್ಧ ಚಂದಿರನನ್ನು ಹೊತ್ತು ಗಂಡನ ಮನೆಗೆ ಹೋಗಬೇಕೇ? ಮದುವೆಗೆ ಇಪ್ಪತ್ತೆರಡು ದಿನ ಇರುವಾಗ ನುರ್ಮತ್ ಲಾರಿಯಿಂದ ಒಂದು ಗಂಟು ಇಳಿಸಿದ.

ಅವಳು ಅದನ್ನು ತನ್ನ ಪಟ್ಟಿಯ ಪಕ್ಕದಲ್ಲಿ ಹಾಸಿದಳು. ಎರಡು ಅರ್ಧಗಳು ಒಂದಕ್ಕೊಂದು ಸೇರಲೇ ಇಲ್ಲ. ಅಕ್ಕನ ಅರ್ಧ ಎರಡು ಬೆರಳು ದೊಡ್ಡದು, ಒಳಗಿನ ದಳಗಳು ಬೇರೆ ಕಡೆಗೆ ತಿರುಗಿದ್ದವು. ಕೊಂಬೆ ಒಳಕ್ಕೆ ಬಾಗಿತ್ತು. ಹೋಸಿಯತ್ ಎಳೆದ ಗೆರೆಗಳು ಎಷ್ಟೋ ಕಡೆ ಹಾಗೇ ಉಳಿದು, ರೇಷ್ಮೆ ತನ್ನ ದಾರಿ ತಾನು ಹಿಡಿದಿತ್ತು.

ನೋಡಲು ಬಂದಿದ್ದ ನಾದಿನಿ ಬಿಬಿಸೋರಾ ಕೆನ್ನೆಗೆ ಕೈ ಇಟ್ಟುಕೊಂಡಳು. "ಅಯ್ಯೋ ಅತ್ತಿಗೆ! ಬೇಕಂತಲೇ ಹಾಳು ಮಾಡಿದ್ದಾಳೆ. ಹನ್ನೊಂದು ವರ್ಷ ಹೊಟ್ಟೇಲಿಟ್ಕೊಂಡು ಈಗ ಕಕ್ಕಿದ್ಲು ನೋಡಿ. ನಾನಾಗಿದ್ರೆ ಇದನ್ನ ಅವಳ ಬಾಗಿಲಿಗೇ ಬಿಸಾಕಿ ಬರ್ತಿದ್ದೆ."

"ಸುಮ್ನಿರು."

"ನೀವು ಸುಮ್ನಿದ್ದು ಸುಮ್ನಿದ್ದೇ ಹೀಗಾಗಿದ್ದು."

ಹೋಸಿಯತ್ ಸೂಜಿ ತೆಗೆದುಕೊಂಡಳು. ಅಕ್ಕನ ಹೊಲಿಗೆ ಬಿಚ್ಚಿ, ಗೆರೆಯ ಮೇಲೆ ಮತ್ತೆ ಹಾಕಿಬಿಡುವುದು ಅಂತ ನಿಶ್ಚಯಿಸಿ ಮಂಡಿಯೂರಿದಳು. ಸೂಜಿಯ ಮೊನೆ ಮೊದಲ ಎಳೆಯ ಕೆಳಗೆ ಹೋಯಿತು. ಅಲ್ಲೇ ನಿಂತಿತು. ಹತ್ತಿರದಿಂದ ನೋಡಿದರೆ ಆ ಅರ್ಧ ಚಂದಿರ ಪೂರ್ತಿ ದುಂಡಗಿರಲಿಲ್ಲ. ಮೇಲುಗಡೆ ಕೊಂಚ ಉಬ್ಬಿ, ಕೆಳಗೆ ಕೊಂಚ ತಗ್ಗಿ, ಈಗಷ್ಟೇ ಯಾರೋ ಭುಜದಿಂದ ಕೈ ಬೀಸಿ ಎಳೆದ ಹಾಗಿತ್ತು. ಸುತ್ತ ಬಿಳುಪನ್ನು ಧಾರಾಳವಾಗಿ ಬಿಟ್ಟಿದ್ದಳು. ಕಣ್ಣು ಹೋಗಿ ಅಲ್ಲೇ ಕೂತಿತು. ಪಕ್ಕದಲ್ಲಿ ತನ್ನ ಅರ್ಧ ತಟ್ಟೆಯ ಅರ್ಧವಾಗಿ ಬಿದ್ದಿತ್ತು.

ಅಂಜಿರತ್ ಹಿಂದೆ ಬಂದು ನಿಂತಳು. "ಅಮ್ಮಾ, ಬಯ್ಯಬೇಡ. ನಂಗೆ ಖಾಲಾ ಹಾಕಿದ್ದೇ ಇಷ್ಟ ಆಯ್ತು."

ಆ ಮಾತು ಹೋಸಿಯತ್‌ಗೆ ಚುರುಕ್ಕೆಂದಿತು. ಹೊಟ್ಟೆ ಉರಿಯಿತು ಅಂದರೂ ಸುಳ್ಳಲ್ಲ. ಹೆತ್ತ ಮಗಳ ಬಾಯಲ್ಲಿ ಅದನ್ನು ಕೇಳಬೇಕಾಯಿತಲ್ಲ. ಆದರೆ ಸುಳ್ಳು ಹೇಳುತ್ತಿದ್ದಾಳೆ ಅನ್ನುವಂತೆಯೂ ಇರಲಿಲ್ಲ. ಸೂಜಿಯನ್ನು ಅಕ್ಕನ ಎಳೆಯಿಂದ ಹೊರಗೆಳೆದು, ತನ್ನ ಪಟ್ಟಿಯನ್ನು ಮಂಡಿಯ ಮೇಲೆ ಹಾಕಿಕೊಂಡು, ತನ್ನ ಚಂದಿರನನ್ನೇ ಬಿಚ್ಚತೊಡಗಿದಳು.

"ಅಮ್ಮಾ! ಆರು ತಿಂಗಳ ಹೊಲಿಗೆ! ತಲೆ ಕೆಟ್ಟಿದ್ಯಾ? ಮದುವೆ ಇಪ್ಪತ್ತೆರಡೇ ದಿನ ಇರೋದು!"

"ಗೊತ್ತು. ಕತ್ತರಿ ಕೊಡು."

ಮರುದಿನ ಶಿಶುವಿಹಾರಕ್ಕೆ ಹೊಟ್ಟೆನೋವು ಅಂತ ಹೇಳಿಕಳಿಸಿ, ಗಂಡನ ಲಾರಿ ಹತ್ತಿದಳು. ಮಡಿಲಲ್ಲಿ ಎರಡು ಪಟ್ಟಿ, ಮಸಿಯ ಕುಡಿಕೆ, ತಾಯಿಯ ಲೇಖನಿ, ಎರಡು ರೊಟ್ಟಿ. ನುರ್ಮತ್ ಅಕ್ಕನ ಬಾಗಿಲಲ್ಲಿ ಅವಳನ್ನು ಇಳಿಸಿ, ಕಲ್ಲು ಹೇರಿಕೊಂಡು ಬರುತ್ತೇನೆಂದು ಹೋದ.

ಸಲೋಮತ್ ಅಂಗಳದಲ್ಲಿ ಏಪ್ರಿಕಾಟ್ ಬೀಜ ಒಡೆಯುತ್ತಿದ್ದಳು. ತಲೆಯೆತ್ತಿದಳು. ಕೂದಲು ಪೂರ್ತಿ ನೆರೆತಿತ್ತು.

"ಬಯ್ಯೋಕೆ ಬಂದ್ಯಾ?"

"ಇಲ್ಲ ಆಪಾ."

"ಮತ್ತೆ ಹೊಸಿಲ ಮೇಲೆ ಯಾಕೆ ನಿಂತಿದ್ದೀಯ, ಕಂದಾಯ ಕೇಳೋರ ಥರ? ಬಾ."

ಹೋಸಿಯತ್ ಒಳಗೆ ಹೋಗಿ ಎಲ್ಲರ ಹಾಗೆ ಎರಡು ರೊಟ್ಟಿಗಳನ್ನು ಮುಂದಿಟ್ಟಳು. ಪಟ್ಟಿಗಳನ್ನು ಹಾಸಿದಳು. ಬಿಚ್ಚಿ, ಮಸಿ ಹೋಗುವಂತೆ ಒಗೆದು ತಂದ ಎಡಗಡೆಯ ಪಟ್ಟಿಯ ನಡುವೆ ಸೂಜಿಯ ತೂತುಗಳು ಮಾತ್ರ ಇದ್ದವು. "ನನ್ನ ಮಗಳಿಗೆ ಗಂಡು ಗೊತ್ತಾಗಿದೆ ಆಪಾ. ಈ ಅರ್ಧ ಬರ್ಕೊಡು" ಅಂದಳು.

ಸಲೋಮತ್ ತೂತುಗಳ ಮೇಲೆ ಬೆರಳಾಡಿಸಿದಳು. "ನಿಂದನ್ನ ಬಿಚ್ಚಿದ್ಯಾ? ನಂದನ್ನ ಬಿಚ್ತೀಯ ಅಂದ್ಕೊಂಡಿದ್ದೆ."

"ಬಿಚ್ಚೋಕೆ ಕೂತಿದ್ದೆ. ಆಗಲಿಲ್ಲ. ನಿಂದು ಚಂದಿರ, ನಂದು ತಟ್ಟೆ. ಲೇಖನಿ ನಿನ್ನ ಕೈಲಿರ್ಬೇಕಿತ್ತು. ಅವತ್ತೂ ಗೊತ್ತಿತ್ತು ನಂಗೆ. ಸರ್ವಿನಾಜ್‌ಗೆ ಮಾಡಿದ್ದೂ ಗೊತ್ತಿದ್ದೇ ಮಾಡಿದೆ ಅಂತ ನೀನಂದ್ಕೊಂಡಿರ್ತೀಯ. ಅಂದ್ಕೋ. ನಾನೇನೂ ಹೇಳಲ್ಲ."

"ಅಂದ್ಕೊಂಡಿದ್ದೆ" ಅಂದಳು ಸಲೋಮತ್. "ಹನ್ನೊಂದು ವರ್ಷ ಅದನ್ನೇ ಅಂದ್ಕೊಂಡೆ. ಅಕ್ಕನ ಮಗಳು ತಾನೇ, ಹಳೇದು ಸಾಕು ಅಂತ ಬರೆದ್ಲು ಅಂತ. ಏಪ್ರಿಲ್‌ನಲ್ಲಿ ಈ ಪಟ್ಟಿ ಬಂತು ನೋಡು. ಇಲ್ಲಿ ಬಗ್ಗು. ಇದೇನಿದು?"

ಅವಳ ಬೆರಳು ಬಲಗಡೆಯ ಕೊಂಬೆಯ ಪಕ್ಕ, ರೇಷ್ಮೆ ಮುಟ್ಟದೆ ಬಿಟ್ಟ ಮಸಿಯ ಗೆರೆಯ ಮೇಲಿತ್ತು. ಹೋಸಿಯತ್ ಬಗ್ಗಿ ನೋಡಿದಳು. ಒಂದು ಎಲೆ. ಹಿಂದಕ್ಕೆ ಮಡಚಿದ ಎಲೆ. ಹನ್ನೊಂದು ವರ್ಷದ ಹಿಂದೆ ಆಡು ಮೊಣಕೈಗೆ ತಗುಲಿ ಆದ ಎಲೆ. ಹಕೀಂನ ಮಗಳ ಎಲೆ, ಸರ್ವಿನಾಜ್‌ಳ ಎಲೆ. ಈಗ ತನ್ನ ಸ್ವಂತ ಮಗಳ ಬಟ್ಟೆಯ ಮೇಲೆ ತಾನೇ ಎಳೆದದ್ದು. ಎಳೆದದ್ದು ನೆನಪೂ ಇರಲಿಲ್ಲ.

"ಆಪಾ" ಅಂದು ಆ ಎಲೆಯ ಮೇಲೆ ಬೆರಳಿಟ್ಟಳು.

"ನಿನ್ನ ಮಗಳಿಗೂ ಅದನ್ನೇ ಬರೆದಿದ್ದೀಯ. ಅವತ್ತೇ ನಂಗೆ ಸಿಟ್ಟು ಇಳೀತು. ಇವಳಿಗೆ ನನ್ನ ಮೇಲೆ ಏನೂ ಇರ್ಲಿಲ್ಲ, ಸುಸ್ತಾಗಿದ್ಲು ಅಷ್ಟೇ ಅಂತ ತಿಳೀತು. ಬರೋಣ ಅಂದ್ಕೊಂಡೆ. ಹನ್ನೊಂದು ವರ್ಷ ಬರದೇ ಇದ್ದು ಈಗ ಹೆಂಗೆ ಬರ್ಲಿ, ನಾಚಿಕೆ ಆಯ್ತು. ನಿನ್ನ ಗೆರೆ ಮೇಲೇ ಹೊಲಿದು ಕಳಿಸಬಹುದಿತ್ತು. ಹುಡುಗಿ ಪಾಪ ಯಾರದೋ ಸೂಜನಿ ಹೊತ್ಕೊಂಡು ಹೋಗ್ತಿದ್ಲು. ಮನಸ್ಸು ಬರ್ಲಿಲ್ಲ ಕಣೆ."

ಹೋಸಿಯತ್ ಅತ್ತಳು. ಮೂವತ್ತೈದು ವರ್ಷದಲ್ಲಿ ಯಾರೂ ಅವಳಿಗೆ ಸುಸ್ತಾಗಿದೆ ಅಂತ ಹೇಳಿರಲಿಲ್ಲ. ಅವಳಿಗೆ ಅವಳೇ ಹೇಳಿಕೊಂಡಿರಲಿಲ್ಲ.

ಸಲೋಮತ್ ಅವಳನ್ನು ಅಳಲು ಬಿಟ್ಟು ಎದ್ದು ಹೋಗಿ ಚಹಾ ತಂದಳು. ಮಸಿಯ ಕುಡಿಕೆಯ ಮುಚ್ಚಳ ತೆಗೆದು, ಲೇಖನಿಯ ಮೊನೆಯನ್ನು ಬೆಳಕಿಗೆ ಹಿಡಿದು ನೋಡಿ, "ಥೂ, ಮೊನೆ ಹೆಂಗೆ ಸವೆಸಿದ್ದೀಯ" ಅಂದು ಚಾಕುವಿನಿಂದ ಹೊಸದಾಗಿ ಕೆತ್ತಿದಳು.

"ಅರ್ಧ ಚಂದಿರ ತಾನೇ, ನಾನು, ಸರ್ವಿನಾಜ್, ನೀನು ಮೂರು ಜನ ಕೂತ್ರೆ ಹತ್ತು ದಿನ. ಜೋಡಿಸೋಕೆ ಎರಡು ದಿನ. ಮದುವೆಗೆ ಬೇಕಾದಷ್ಟಾಯ್ತು. ತಟ್ಟೆ ಗಿಟ್ಟೆ ತಂದಿಲ್ಲ ತಾನೇ?"

"ಇಲ್ಲ" ಅಂದು ಹೋಸಿಯತ್ ಕಣ್ಣೊರೆಸಿಕೊಳ್ಳುತ್ತ ನಕ್ಕಳು. "ಲೇಖನಿ ಇಲ್ಲೇ ಇರ್ಲಿ ಆಪಾ. ಕೇರಿಯವರು ಏನಾದ್ರೂ ಅನ್ಕೊಳ್ಳಲಿ. ಬೇಕಿದ್ದವರು ಲಾರಿ ಹತ್ತಿ ಇಲ್ಲಿಗೇ ಬರ್ಲಿ."

"ಆಹಾ, ಇನ್ನು ಬೆಳಿಗ್ಗೆ ಎದ್ರೆ ನನ್ನ ಅಂಗಳದಲ್ಲಿ ಕೂತಿರ್ತಾರೆ ಅನ್ನು. ಅದನ್ನ ಆಮೇಲೆ ನೋಡೋಣ. ಈಗ ಸ್ವಲ್ಪ ಒರಗಿಕೋ."

"ಇಲ್ಲ, ನೀನು ಬರೆಯೋದನ್ನ ನೋಡ್ತೀನಿ."

ಸಲೋಮತ್ ಬಟ್ಟೆಯ ಮುಂದೆ ಮಂಡಿಯೂರಿ, ಏನೂ ಬರೆಯದೆ, ಬಿಳುಪನ್ನು ನೋಡುತ್ತ ಕೂತಳು. ಹೋಸಿಯತ್ ಗೋಡೆಗೆ ಒರಗಿ ಅಕ್ಕನ ಕೈಯನ್ನು ನೋಡುತ್ತಿದ್ದಳು. ಮಸಿಯ ವಾಸನೆ, ಹೊರಗೆ ಕಲ್ಲು ಕಡಿಯುವ ಸದ್ದು. ಬಟ್ಟೆ ಎದುರಿಗಿತ್ತು, ಬರೆಯಬೇಕಾದವಳು ತಾನಾಗಿರಲಿಲ್ಲ. ಅಕ್ಕನ ಕೈ ಮೇಲೆದ್ದದ್ದನ್ನು ಕಂಡಳು, ಗೆರೆ ಬಿದ್ದದ್ದನ್ನು ಕಾಣಲಿಲ್ಲ.

ಮಧ್ಯಾಹ್ನ ಇಳಿದ ಮೇಲೆ ನುರ್ಮತ್ ಲಾರಿ ತಂದು ಬೀದಿಯಲ್ಲಿ ನಿಲ್ಲಿಸಿ ಹಾರ್ನ್ ಒತ್ತಿದ. ಸಲೋಮತ್ ಮಸಿಯಾದ ಕೈಗಳಲ್ಲೇ ಬಾಗಿಲಿಗೆ ಓಡಿಬಂದಳು.

"ನಿಲ್ಸೋ ಮಾರಾಯ! ಅವಳು ಮಲಗಿದ್ದಾಳೆ."